ಭರಣಿ ಒರೆಸಿದ ಬಟ್ಟೆ

"ಅಜ್ಜೀ, ಅದನ್ನ ಒಗೀಬೇಡ! ಅದು ನನ್ನ ಪ್ರಾಜೆಕ್ಟು!"

ಬೋಮಿ ಓಡಿಬಂದು ಅಜ್ಜಿಯ ಕೈಯಿಂದ ಕಪ್ಪು ಬಟ್ಟೆಯನ್ನು ಕಿತ್ತುಕೊಂಡಳು. ಹೋದ ವರ್ಷದಿಂದ ಜೋಪಾನವಾಗಿ ಎತ್ತಿಟ್ಟಿದ್ದ ಬಟ್ಟೆ ಅದು.

"ಗಲೀಜು ಬಟ್ಟೆಗೂ ಪ್ರೈಜ್ ಕೊಡ್ತಾರೇನೇ ನಿಮ್ ಸ್ಕೂಲಲ್ಲಿ?" ಅಜ್ಜಿ ನಕ್ಕಳು.

ಅಂಗಳದಲ್ಲಿ ಸೋಯಾ ಸಾಸು, ಮೆಣಸಿನಕಾಯಿ ಹಿಂಡಿ ತುಂಬಿದ ಹದಿನೇಳು ಮಣ್ಣಿನ ಭರಣಿಗಳಿದ್ದವು. ಅಜ್ಜಿ ದಿನಾ ಬೆಳಿಗ್ಗೆ ಬಿಳಿ ಬಟ್ಟೆಯಲ್ಲಿ ಅವುಗಳ ಮುಚ್ಚಳ ಒರೆಸುತ್ತಿದ್ದಳು. ಪಕ್ಕದ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಉರಿಸುತ್ತಿದ್ದಾಗ ಒಂದೇ ಸಲಕ್ಕೆ ಬಟ್ಟೆಯೆಲ್ಲ ಮಸಿ. ಈಗ ಅಲ್ಲಿ ಎಲ್‌ಎನ್‌ಜಿ ಎಂಬ ನೈಸರ್ಗಿಕ ಗ್ಯಾಸು ಉರಿಯುತ್ತದೆ. ಗ್ಯಾಸನ್ನು ತುಂಬಾ ತಣ್ಣಗೆ ಮಾಡಿ, ದ್ರವವಾಗಿಸಿ, ಹಡಗಿನಲ್ಲಿ ತರುತ್ತಾರೆ. ಬಟ್ಟೆ ಬೆಳ್ಳಗೇ ಉಳಿಯುತ್ತದೆ. ಗಾಳಿ ಹೇಗಿದೆ ಎಂದು ಊರಿನವರು ತಿಳಿದುಕೊಳ್ಳುವುದೇ ಹೀಗೆ.

ಬೋಮಿ ಹೋದ ವರ್ಷದ ಕಪ್ಪು ಬಟ್ಟೆ, ಈ ವರ್ಷದ ಬಿಳಿ ಬಟ್ಟೆ ಎರಡನ್ನೂ ಚಾರ್ಟಿಗೆ ಅಂಟಿಸಿದಳು. ಕೆಳಗೆ ದಪ್ಪಕ್ಷರದಲ್ಲಿ ಬರೆದಳು: "ಗ್ಯಾಸ್ ಬಂತು, ಭೂಮಿ ಬಿಸಿಯಾಗುವುದು ನಿಂತಿತು!" ಫಸ್ಟ್ ಪ್ರೈಜ್ ತನಗೇ ಎಂದು ಕ್ಲಾಸಿಗೆಲ್ಲ ಆಗಲೇ ಸಾರಿದ್ದಳು.

ಮಧ್ಯಾಹ್ನ ಊಟಕ್ಕೆ ಗ್ಯೂಸಿಕ್ ಮಾಮ ಬಂದ. ಗ್ಯಾಸ್ ಹಡಗು ಬರುವ ಬಂದರಿನಲ್ಲಿ ಪೈಪು ಸೋರುತ್ತಿದೆಯೇ ಎಂದು ನೋಡುವುದು ಅವನ ಕೆಲಸ. ಚಾರ್ಟು ಓದಿ ತಲೆ ಕೆರೆದುಕೊಂಡ.

"ಜೋರಾಗಿದೆ ಕಣೇ. ಆದ್ರೆ ಕೊನೇ ಸಾಲು ಬಟ್ಟೆ ಹೇಳಿದ್ದಾ, ನೀನು ಹೇಳಿದ್ದಾ?"

"ಬಟ್ಟೆ ಬೆಳ್ಳಗಿಲ್ವಾ ಮಾಮ?"

ಮಾಮ ಫೋನಿನಲ್ಲಿ ಎರಡು ವಿಡಿಯೊ ತೋರಿಸಿದ. ಮೊದಲನೆಯದರಲ್ಲಿ ಬರೀ ಪೈಪು, ನೀಲಿ ಆಕಾಶ. ಎರಡನೆಯದು ಅವನ ಕೆಲಸದ ಕ್ಯಾಮೆರಾದಲ್ಲಿ ತೆಗೆದದ್ದು. ಅದೇ ಪೈಪಿನಿಂದ ದಟ್ಟ ಹೊಗೆಯಂಥದ್ದು ಬುಸಬುಸನೆ ಏಳುತ್ತಿತ್ತು!

"ಇದು ಗ್ಯಾಸು. ಬರಿಗಣ್ಣಿಗೆ ಕಾಣಲ್ಲ. ಅವತ್ತೇ ರಿಪೇರಿ ಮಾಡಿದ್ವಿ ಅನ್ನು. ಉರಿಸಿದ್ರೆ ಕಲ್ಲಿದ್ದಲಿನ ಅರ್ಧದಷ್ಟೇ ಕಾರ್ಬನ್ ಡೈಆಕ್ಸೈಡ್, ಅದು ನಿಜ. ಆದ್ರೆ ಉರೀದೆ ಹಾಗೇ ಸೋರಿದ್ರೆ ಭೂಮೀನ ಅದಕ್ಕಿಂತ ಎಷ್ಟೋ ಪಟ್ಟು ಬಿಸಿ ಮಾಡತ್ತೆ. ದಾರೀಲಿ ಜಾಸ್ತಿ ಸೋರಿದ್ರೆ ಉಳಿಸಿದ್ದೆಲ್ಲ ನೀರಲ್ಲಿ ಹೋಮ."

"ಎಷ್ಟು ಸೋರತ್ತೆ?"

"ನಮ್ಮ ಬಂದರಿಂದು ಹೇಳ್ತೀನಿ. ಅಲ್ಲಿ, ದೂರದ ದೇಶದಲ್ಲಿ ಗ್ಯಾಸ್ ತೆಗೆಯೋ ಬಾವಿ ಹತ್ರ? ನಂಗೂ ಗೊತ್ತಿಲ್ಲ."

ಬೋಮಿಗೆ ಅಳು ಬಂತು. "ನಾಳೇನೇ ಎಕ್ಸಿಬಿಷನ್ನು! ಆ ಸಾಲಿಲ್ದಿದ್ರೆ ಯಾರು ಪ್ರೈಜ್ ಕೊಡ್ತಾರೆ?"

ಬೋಮಿ ಮುಖ ಊದಿಸಿಕೊಂಡು ಕೂತಳು. ಆ ಸಾಲನ್ನು ನೋಡಿದಷ್ಟೂ ಸಿಟ್ಟು ಬಂತು. ಕೊನೆಗೆ ಕತ್ತರಿ ತಂದು ಕತ್ತರಿಸಿಯೇಬಿಟ್ಟಳು.

ಮರುದಿನ ಸಿಯೋಲ್‌ನಿಂದ ಬಂದ ಜಡ್ಜ್ ಮೇಡಂ ಚಾರ್ಟಿನ ಮುಂದೆ ನಿಂತರು. "ಹಾಗಾದ್ರೆ ಭೂಮಿ ಬಿಸಿಯಾಗೋದು ಕಮ್ಮಿ ಆಯ್ತೇನಮ್ಮಾ?"

"ಮಸಿ ಕಮ್ಮಿ ಆಗಿದೆ ಮೇಡಂ, ಅದಕ್ಕೆ ಸಾಕ್ಷಿ ಇದೆ. ಬಿಸಿ ಕಮ್ಮಿ ಆಯ್ತಾ ಅಂತ ಈ ಬಟ್ಟೆ ಹೇಳಲ್ಲ. ದಾರೀಲೆಲ್ಲ ಎಷ್ಟು ಸೋರತ್ತೆ ಅಂತ ಅಳೀಬೇಕು. ನಂಗಿನ್ನೂ ಗೊತ್ತಿಲ್ಲ."

"ಗೊತ್ತಿಲ್ವಂತೆ!" ಪಕ್ಕದ ಮೇಜಿನ ತೇಒ ಕಿಸಕ್ಕೆಂದ.

ಬೋಮಿ ತಲೆ ತಗ್ಗಿಸಲಿಲ್ಲ. ಮೇಡಂ ಏನೋ ಬರೆದುಕೊಂಡು ಮುಂದೆ ಹೋದರು.

ಫಸ್ಟ್ ಪ್ರೈಜ್ ತೇಒನ ರೋಬೋ ನಾಯಿಗೆ ಬಂತು. ಬೋಮಿಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಬೇಕು! ಆದರೂ ಮನೆಗೆ ಹೋಗುವ ದಾರಿಯಲ್ಲಿ ಅವಳು ಸ್ಥಾವರದ ಬೇಲಿಯ ಬಳಿ ನಿಂತಳು. ಚಿಮಣಿಯ ಮೇಲೆ ಒಂದೆಳೆ ಹೊಗೆಯೂ ಇರಲಿಲ್ಲ. ಬೇರೆ ದಿನವಾಗಿದ್ದರೆ ಒಮ್ಮೆ ನೋಡಿ ಓಡಿಬಿಡುತ್ತಿದ್ದಳು. ಇವತ್ತು ಆ ಖಾಲಿ ಆಕಾಶವನ್ನು ಬಹಳ ಹೊತ್ತು ನೋಡಿದಳು.