ಉತ್ತರಪತ್ರಿಕೆಯ ಟ್ರಂಕು

೧೯೮೬ರ ಏಪ್ರಿಲ್ ೨೧, ಸೋಮವಾರ. ಮಧುಗಿರಿ ಬೆಟ್ಟದ ನೆತ್ತಿಗೆ ಮೋಡ ಕವಿದಿತ್ತು; ಹನಿ ಬಿದ್ದಿರಲಿಲ್ಲ, ಗಾಳಿಯೂ ಆಡುತ್ತಿರಲಿಲ್ಲ. ಸಬ್‌ಇನ್‌ಸ್ಪೆಕ್ಟರ್ ಅಂಜನಪ್ಪ ಸಿದ್ದರಬೆಟ್ಟದ ದಿಕ್ಕಿಗೆ ಕೈ ಮುಗಿದು ಕೂರುವಷ್ಟರಲ್ಲಿ ಟ್ಯುಟೋರಿಯಲ್ ನಡೆಸುವ ಕದಿರಯ್ಯ ಮೇಷ್ಟ್ರು ದೂರು ಹಿಡಿದು ಬಂದರು. ಮೆಡಿಕಲ್ ಪ್ರವೇಶ ಪರೀಕ್ಷೆಗೆ ಕೂರುವ ಹುಡುಗರಿಗೆ ಅವರು ಭಾನುವಾರ ಭಾನುವಾರ ಮಾದರಿ ಪರೀಕ್ಷೆ ಇಡುತ್ತಿದ್ದರು. ಅವುಗಳ ಉತ್ತರಪತ್ರಿಕೆಗಳಷ್ಟೂ ರಾತ್ರೋರಾತ್ರಿ ಟ್ರಂಕಿನಿಂದ ಮಾಯವಾಗಿದ್ದವು.

"ಯಾರ ಮೇಲೆ ಗುಮಾನಿ?"

"ನಿಡುಗಲ್ಲಿನ ಸರ್ವಮಂಗಳಾ ಅಂತ, ಕುರಿ ಕಾಯೋ ಬೋರಪ್ಪನ ಮಗಳು. ಯಾವಾಗಲೂ ಕೊನೇ ನಂಬರು. ಈ ಸಲವೂ ಅಂಕ ಬರದಿದ್ರೆ ಊರಿಗೆ ಹೋಗಮ್ಮ ಅಂದಿದ್ದೆ."

ಎಫ್‌ಐಆರ್ ದಾಖಲಾಯಿತು. ಸ್ಥಳ ಪಂಚನಾಮೆಯಲ್ಲಿ ಬೀಗ ಒಡೆದ ಗುರುತಿರಲಿಲ್ಲ. ಬೀಗದ ಕೈ ಇದ್ದದ್ದು ಇಬ್ಬರ ಬಳಿ: ಕದಿರಯ್ಯ, ಮತ್ತು ಪತ್ರಿಕೆ ತಿದ್ದುವ ಚಿಕ್ಕನರಸಯ್ಯ ಮೇಷ್ಟ್ರು.

ಹುಡುಗಿ ಅಪ್ಪನೊಡನೆ ಠಾಣೆಗೆ ಬಂದಳು.

"ಪೇಪರ್ ಯಾಕೆ ತಗಂಡೆ?"

"ತಗಂಡಿಲ್ಲ ಸಾ. ತೋರ್ಸಿ ಅಂತ ನಿನ್ನೆ ಕೇಳ್ದೆ. ಎಲ್ಲಿ ತಪ್ಪಾಯ್ತು ಅಂತ ತಿಳೀಬೇಕಲ್ಲ, ಟೆಸ್ಟ್ ಬರ್ಯೋದೇ ಅದ್ಕೆ. ನಾಳೆ ನಾನೇ ಎಲ್ಲಾ ತೆಗೆದು ನೋಡ್ತೀನಿ ಅಂದ್ರು ಕದಿರಯ್ಯ ಮೇಷ್ಟ್ರು."

"ಆಗ ಅಲ್ಲಿ ಯಾರಿದ್ರು?"

"ಚಿಕ್ಕನರಸಯ್ಯ ಮೇಷ್ಟ್ರು."

"ಕಳ್ಳಿ ಅನ್ನುಸ್ಕಂಡು ಡಾಕ್ಟ್ರಾಗೋದು ಬ್ಯಾಡ ಕಣಮ್ಮ, ನಡಿ ಊರ್ಗೆ" ಎಂದ ಬೋರಪ್ಪ.

"ಕೂತ್ಕೊಳಯ್ಯ. ಇನ್ನೂ ಯಾರೂ ಕಳ್ಳರಾಗಿಲ್ಲ."

ಅಂಕದ ಆಸೆಯಿದ್ದವರು ಕದಿಯುವುದು ಪ್ರಶ್ನೆಪತ್ರಿಕೆಯನ್ನು. ಬರೆದು ಮುಗಿಸಿದ ಉತ್ತರ ಯಾರಿಗೆ ಬೇಕು? ಅಂಜನಪ್ಪ ಕಾನ್‌ಸ್ಟೇಬಲ್ ರಹೀಮನನ್ನು ಕರೆದುಕೊಂಡು ಚಿಕ್ಕನರಸಯ್ಯನವರ ಮನೆಗೆ ನಡೆದರು. ಹಿತ್ತಲಲ್ಲಿ ಮೇಷ್ಟ್ರ ಹೆಂಡತಿ ಪಟಾಲಮ್ಮ ಬೂದಿ ಹಾಕಿ ಪಾತ್ರೆ ಉಜ್ಜುತ್ತಿದ್ದಳು. ಬೆರಳಿಗೆ ಬಟ್ಟೆ ಸುತ್ತಿತ್ತು.

"ಬೆರಳಿಗೇನಕ್ಕ?" ಎಂದ ರಹೀಮ.

"ಬೂದಿ ತುಂಬ ಗುಂಡುಸೂಜಿ ಕಣಪ್ಪ. ನಮ್ಮೆಜಮಾನ್ರು ಬೆಳಿಗ್ಗೆ ತಾವೇ ಬಚ್ಚಲ ಒಲೆ ಹಚ್ಚಿದ್ರು. ಮದುವೆಯಾಗಿ ಬಂದಾಗ್ಲಿಂದ ಒಂದಿನ ಹಚ್ಚಿದೋರಲ್ಲ. ಹಚ್ಚಿದ್ದಕ್ಕೆ ನೋಡು ಇನಾಮು."

ಹಾಳೆಗಳನ್ನು ಗುಂಡುಸೂಜಿ ಚುಚ್ಚಿ ಇಟ್ಟಿದ್ದ ವಿಷಯ ದೂರಿನಲ್ಲೇ ಇತ್ತು. ಪಂಚರ ಎದುರು ಬೂದಿ ಜರಡಿ ಹಿಡಿದರು. ಬೊಗಸೆ ಸೂಜಿ ಸಿಕ್ಕಿತು. ಪಂಚನಾಮೆಯನ್ನು ಚಿಕ್ಕನರಸಯ್ಯನವರ ಮುಂದಿಟ್ಟು ಅಂಜನಪ್ಪ ಹೇಳಿದರು:

"ಓದಿ ಸಹಿ ಹಾಕಿ ಮೇಷ್ಟ್ರೆ."

ಅವರು ಕಾಗದವನ್ನು ಮೂಗಿನವರೆಗೂ ತಂದು, ಕೆಳಗಿಟ್ಟರು.

"ಓದಕ್ಕಾಗಲ್ಲ. ಸಂಕ್ರಾಂತಿಯಿಂದ ಕಣ್ಣಿಗೆ ಮಂಜು."

"ಮತ್ತೆ ತಿದ್ದಿದ್ದು?"

"ಮೇಲೆ ದಪ್ಪಗೆ ಬರೆದ ಹೆಸರು ಕಾಣ್ತಿತ್ತು, ಒಳಗಿನ ಅಕ್ಷರ ಕಾಣ್ತಿರ್ಲಿಲ್ಲ. ದೊಡ್ಡೋರ ಮಕ್ಕಳಿಗೆ ಎಂಬತ್ತು ಹಾಕ್ದೆ. ಕುರಿಯೋರ ಹುಡುಗಿ ಎಷ್ಟು ಬರ್ದಿರ್ತಾಳೆ ಅಂದ್ಕಂಡೆ."

ಸಂಜೆ ಅವರ ದಸ್ತಗಿರಿಯಾಯಿತು. ಕುರುಡರೆಂದು ತಿಳಿದರೆ ಮೇಷ್ಟ್ರು ಎನ್ನುವವರಿಲ್ಲವೆಂಬ ಅಂಜಿಕೆಯೇ ಅವರಿಂದ ಒಲೆ ಹಚ್ಚಿಸಿತ್ತು. ಅಂಜನಪ್ಪ ರಹೀಮನಿಗೆ ಅವರ ಕೈ ಹಿಡಿದು ಮೆಟ್ಟಿಲು ಹತ್ತಿಸಲು ಹೇಳಿದರು.

ಠಾಣೆಯ ಜಗಲಿಯಲ್ಲಿ ಸರ್ವಮಂಗಳಾ ಹೊಸದೊಂದು ಮಾದರಿ ಪರೀಕ್ಷೆ ಬರೆದಳು. ಕದಿರಯ್ಯ ಪಕ್ಕದಲ್ಲೇ ಕೂತು ಒಂದೊಂದೇ ಉತ್ತರ ತಿದ್ದಿದರು. ಕೂಡಿದರು; ನಂಬಿಕೆಯಾಗದೆ ಮತ್ತೆ ಕೂಡಿದರು. ಆಮೇಲೆ ಎದ್ದು ನಿಂತು, ತಲೆ ತಗ್ಗಿಸಿ, ಎರಡೂ ಕೈಯಲ್ಲಿ ಹಾಳೆಯನ್ನು ಅವಳಿಗೆ ಕೊಟ್ಟರು.

"ಎಂಬತ್ತೇಳು. ಭಾನುವಾರ ಬಾಮ್ಮ."

ಬೋರಪ್ಪ ಊರಿಗೆಂದು ಹೆಗಲಿಗೇರಿಸಿದ್ದ ಮಗಳ ಚೀಲವನ್ನು ಇಳಿಸಿ ಅವಳ ಕೈಗಿತ್ತು, ಪಾವಗಡದ ಬಸ್ಸಿಗೆ ಒಬ್ಬನೇ ಹೊರಟ.