ಮಿಶ್ರಿ ತಿಕ್ಕಿದ ತುಟಿ

ಡಾಕ್ಟರ್ ಉತ್ತಮ ತನ್ನ ತುಟಿಯನ್ನೇ ನೋಡುತ್ತಾನೆ ಎಂಬುದು ರತ್ನಮಾಲಾಗೆ ಮೊದಲ ದಿನವೇ ಗೊತ್ತಾಗಿತ್ತು. ಗೊತ್ತಾಗದೆ ಇರಲು ಅವಳೇನು ಕುರುಡಿಯೇ?

ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದು ಎರಡು ವರ್ಷವಾಗಿತ್ತು. ರವಿವಾರ ಪೇಟೆಯಲ್ಲಿ ಅವಳ ಅಪ್ಪ ಬಾಳಾಸಾಹೇಬರದು ಅಕ್ಕಿಯ ಸಗಟು ವ್ಯಾಪಾರ. ಖಾನಾಪುರದಲ್ಲಿ ಗದ್ದೆ, ವಾಡೆ ಎನ್ನುವ ಹಳೆಯ ದೊಡ್ಡ ಮನೆ. ತಾಲೂಕಿನ ರಸ್ತೆ, ದವಾಖಾನೆಗಳಿಗೆ ಹಣ ಕೊಡುವ ಅಲ್ಲಿನ ಲೋಕಲ್ ಬೋರ್ಡಿನಲ್ಲಿ ಅವರು ಹೂಂ ಅಂದರೆ ಉಳಿದವರೂ ಹೂಂ ಅನ್ನುತ್ತಿದ್ದರು. ಮುಂಬಯಿಯಲ್ಲಿ ಓದಿ ಖಾನಾಪುರದಲ್ಲಿ ದವಾಖಾನೆ ಇಟ್ಟಿದ್ದ ಉತ್ತಮ ರೈಲು ಹತ್ತಿ ಇವರ ಮನೆಗೆ ಬರುತ್ತಿದ್ದುದೇ ಆ ಒಂದು ಹೂಂ ಕೇಳಲು. ಬಾಯಿಯ ಕ್ಯಾನ್ಸರ್ ತಡೆಯಲು ಬೋರ್ಡು ಹಣ ಕೊಡಬೇಕು ಎಂಬುದು ಅವನ ಹಟ.

ಅಪ್ಪ ಕೊಡುತ್ತಿರಲಿಲ್ಲ, ಅವನು ಬಿಡುತ್ತಿರಲಿಲ್ಲ. ನಡುವೆ ಚಹಾ ತರುವವಳು ರತ್ನಮಾಲಾ.

"ಸಕ್ಕರಿ ಹೆಚ್ಚಾತೇನ್ರಿ?"

"ಇಲ್ರಿ, ಬರೋಬರಿ ಐತಿ."

"ಮತ್ತ ಕುಡೀದs ಹಿಡಕೊಂಡು ಕುಂತೀರಲ್ಲ."

ಅವಳು ನಕ್ಕಳು. ಅವನ ಕಣ್ಣು ಅವಳ ಕೆಳತುಟಿಗೆ ಬಂದು, ಅಲ್ಲೇ ನಿಂತು, ತಟ್ಟನೆ ಚಹಾದ ಕಪ್ಪಿಗೆ ಇಳಿಯಿತು. ಕಿವಿ ಕೆಂಪಾದವು. ಇಂಥ ನಾಚಿಕೆಯ ಗಂಡಸನ್ನು ಅವಳು ಕಂಡಿರಲಿಲ್ಲ. ಮುಂದಿನ ಸಲ ಬೇಕೆಂದೇ ಇನ್ನೂ ಸ್ವಲ್ಪ ಹೆಚ್ಚು ನಕ್ಕಳು. ಸಾಂಗಲಿಯ ಒಂದು ಮನೆತನದವರು ಅವಳನ್ನು ನೋಡಿ, ಒಪ್ಪಿ ಹೋಗಿದ್ದರು. ಆ ಹುಡುಗನ ಮುಖ ನೆನಪಿಸಿಕೊಳ್ಳಲು ಹೋದರೆ ಈ ಕೆಂಪು ಕಿವಿಗಳೇ ಎದುರು ಬರುತ್ತಿದ್ದವು.

ಒಂದು ಮಧ್ಯಾಹ್ನ ಅವನು ಬಂದಾಗ ಅಪ್ಪ ಪೇಟೆಯಿಂದ ಬಂದಿರಲಿಲ್ಲ. ಅಜ್ಜಿ ಚಂಪಾಬಾಯಿ ಕಂಬಕ್ಕೆ ಒರಗಿ ತೂಕಡಿಸುತ್ತಿದ್ದಳು.

"ಒಂದು ಮಾತು ಹೇಳಬೇಕಾಗಿತ್ತು. ಬ್ಯಾಸರ ಮಾಡಿಕೋಬಾರದು," ಎಂದ ಉತ್ತಮ.

ಅವಳು ಸೆರಗು ಸರಿಮಾಡಿಕೊಂಡಳು. ಬಂತು, ಆ ಮಾತು ಬಂತು ಎಂದುಕೊಂಡಳು. "ಹೇಳ್ರಿ."

"ಬೆಳಕಿನ ಕಡೆ ಬರ್ರಿ. ಕೆಳತುಟಿ ಸ್ವಲ್ಪ ಎಳದು ತೋರಸ್ರಿ."

ರತ್ನಮಾಲಾ ಕಲ್ಲಾಗಿ ನಿಂತಳು. ಯಾಕೆ ತೋರಿಸಿದಳೋ ಅವಳಿಗೇ ತಿಳಿಯದು. ಅವನ ಮುಖದಲ್ಲಿ ನಾಚಿಕೆ ಹೋಗಿ ಭಯ ಬಂದಿತ್ತು, ಅದಕ್ಕೇ ಇರಬೇಕು.

"ಮಿಶ್ರಿ ತಿಕ್ಕತೀರೇನು?"

ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು ಪುಡಿ ಮಾಡಿ ಹಲ್ಲಿಗೆ ತಿಕ್ಕುವುದನ್ನು ಸೋದರತ್ತೆ ಕಲಿಸಿದ್ದಳು. ತಿಕ್ಕಿದ ಮೇಲೆ ಒಂದು ಚಿಟಿಕೆ ತುಟಿಯೊಳಗೆ ಇಟ್ಟುಕೊಂಡರೆ ಹಾಯೆನಿಸುತ್ತಿತ್ತು. "ಹೆಣ್ಣಮಕ್ಕಳು ಯಾರು ತಿಕ್ಕೂದಿಲ್ಲರಿ?" ಎಂದಳು.

"ಇವತ್ತಿಂದ ಬಿಡ್ರಿ. ಒಳಗ ಬಿಳಿ ಮಚ್ಚಿ ಆಗೈತಿ. ಈಗ ಬಿಟ್ರ ಹೋಗಬಹುದು. ಬಿಡಲಿಲ್ಲಂದ್ರ ಮುಂದ ಅದs ಕ್ಯಾನ್ಸರ್ ಆಗಬಹುದು. ಮೊದಲನೇ ದಿನಾನs ನೀವು ನಕ್ಕಾಗ ಕಂಡಿತ್ತು. ಹೇಳೂ ಧೈರ್ಯ ಬರಲಿಲ್ಲ."

ಅವಳಿಗೆ ಒಮ್ಮೆಗೇ ಎರಡು ಪೆಟ್ಟು ಬಿದ್ದವು. ಕ್ಯಾನ್ಸರ್ ಎಂಬ ಮಾತೊಂದು. ಇಷ್ಟು ದಿನ ಅವನು ನೋಡಿದ್ದು ತನ್ನನ್ನಲ್ಲ, ತನ್ನ ರೋಗವನ್ನು ಎಂಬುದು ಇನ್ನೊಂದು. ಹೇಳಿದರೆ ನಗುತ್ತೀರಿ, ಆ ಹುಡುಗಿಗೆ ಎರಡನೆಯದೇ ಹೆಚ್ಚು ಸುಟ್ಟಿತು.

"ಇದನ್ನ ಅಪ್ಪಗ ಹೇಳತೀರೇನು? ಸಾಂಗಲಿಯವರ ಕಿವಿಗೆ ಬಿದ್ರ ನನ್ನನ್ನ ಯಾರೂ ಮಾಡಿಕೊಳ್ಳೂದಿಲ್ಲ."

"ಯಾರಿಗೂ ಹೇಳೂದಿಲ್ಲರಿ," ಎಂದ ಅವನು, ಅವಳ ಮುಖ ನೋಡದೆ.

ಅವಳು ಅಂದೇ ಮಿಶ್ರಿ ಡಬ್ಬಿಯನ್ನು ಬಚ್ಚಲಿಗೆ ಸುರಿದಳು. ಉತ್ತಮ ಮತ್ತೆ ಬಂದಾಗ ಚಹಾವನ್ನು ಅಜ್ಜಿಯ ಕೈಲಿ ಕಳಿಸಿದಳು.

ಬೋರ್ಡಿನ ಸದಸ್ಯರು ಖಾನಾಪುರದ ವಾಡೆಯಲ್ಲಿ ಸೇರಿದ ದಿನ ಮನೆಯವರೆಲ್ಲ ಅಲ್ಲಿದ್ದರು. ಕದದ ಹಿಂದೆ ಅಜ್ಜಿಯ ಪಕ್ಕ ರತ್ನಮಾಲಾ ನಿಂತು ಕೇಳುತ್ತಿದ್ದಳು.

"ಹಳ್ಳಿಹಳ್ಳಿಗೆ ಹೋಗಿ ಬಾಯಿ ನೋಡಬೇಕ್ರಿ," ಎನ್ನುತ್ತಿದ್ದ ಉತ್ತಮ. "ಯಾರಿಗೆ ಬರತೈತಿ, ಯಾಕ ಬರತೈತಿ ಅಂತ ಅಭ್ಯಾಸ ಮಾಡಬೇಕು. ಕುರಿ ಕಾಯೂ ಸಾತವ್ವ ಗಲ್ಲ ತೂತಾದ ಮ್ಯಾಲ ನನ್ನ ಕಡೆ ಬಂದ್ಳು. ಆಗ ನನ್ನ ಕೈಯಾಗ ಏನೂ ಉಳಿದಿದ್ದಿಲ್ಲ."

"ಪಾಪ, ಖರೇ," ಎಂದರು ಬಾಳಾಸಾಹೇಬರು. "ಅಂಥವರಿಗೆ ನಾನs ಧರ್ಮ ಮಾಡತೀನಿ. ಬೋರ್ಡಿನ ಹಣ ಯಾಕ?"

"ನಿಮ್ಮ ಧರ್ಮ ಕೇಳಾಕ ಸಾತವ್ವ ನಿಮ್ಮ ಮನಿ ಬಾಗಿಲಿಗೆ ಬರೂದಿಲ್ಲರಿ. ಬೋರ್ಡಿನ ಹಣ ಅಂದ್ರ ಆಕಿದೂ ಹೌದು. ಆಕಿ ತೆರಿಗಿನೂ ಅದರಾಗ ಐತಿ."

ಬಾಳಾಸಾಹೇಬರಿಗೆ ರೇಗಿತು. "ತಂಬಾಕು ಜಗಿಯೂ ಕೂಲಿ ಮಂದಿ ರೋಗಕ್ಕ ಇಡೀ ತಾಲೂಕು ರೊಕ್ಕ ಸುರೀಬೇಕೇನು? ಮರ್ಯಾದಸ್ಥರ ಮನ್ಯಾಗ ಇದು ಐತೇನು? ಒಂದs ಒಂದು ಮನಿ ಹೆಸರು ಹೇಳ್ರಿ, ಈಗಿಂದೀಗ ಮಂಜೂರಿಗೆ ಕೈ ಎತ್ತತೀನಿ."

ರತ್ನಮಾಲಾ ಕದದ ಸಂದಿಗೆ ಕಣ್ಣು ಹಚ್ಚಿದಳು. ಒಂದು ಹೆಸರು ಹೇಳಿದರೆ ಅವನ ಕೆಲಸ ಕೈಗೂಡುತ್ತಿತ್ತು, ಮತ್ತು ಆ ಹೆಸರು ಅವನ ನಾಲಿಗೆಯ ಮೇಲೇ ಇತ್ತು. ಉತ್ತಮ ತಲೆ ತಗ್ಗಿಸಿದ.

"ಹೇಳಾಕ ಬರೂದಿಲ್ಲರಿ," ಎಂದ.

"ಇದ್ರ ತಾನೇ ಹೇಳೂದು," ಎಂದು ಸದಸ್ಯ ಗುರುಪಾದಪ್ಪ ನಕ್ಕರು. ಉಳಿದವರೂ ನಕ್ಕರು.

ಉತ್ತಮ ತನ್ನ ಕಾಗದಗಳನ್ನು ಮಡಚತೊಡಗಿದ. ಕದದ ಸಂದಿನಿಂದ ಅದನ್ನು ನೋಡುತ್ತಿದ್ದಂತೆ ರತ್ನಮಾಲಾಗೆ ತಡೆಯಲಾಗಲಿಲ್ಲ. ಅಜ್ಜಿ ಸೆರಗು ಹಿಡಿದೆಳೆದರೂ ಬಿಡಿಸಿಕೊಂಡು ಹೋಗಿ ಅಪ್ಪನ ಮುಂದೆ ನಿಂತಳು.

"ಮನಿ ಹೆಸರು ಬೇಕಲ್ಲ ಅಪ್ಪಾ. ನಮ್ಮದs ಹೇಳ್ರಿ," ಎಂದು ಎಲ್ಲರ ಎದುರಿಗೆ ಕೆಳತುಟಿಯನ್ನು ಹೊರಳಿಸಿ ತೋರಿಸಿದಳು. "ಮಿಶ್ರಿದು ಇದು. ಡಾಕ್ಟರು ನೋಡಿದ್ದಕ್ಕ ಬಿಟ್ಟೆ. ಸಾತವ್ವನ್ನ ನೋಡಾಕ ಯಾರು ಹೋಗಿದ್ರು?"

ಲಗ್ನವಾಗದ ಹುಡುಗಿ ಗಂಡಸರ ಸಭೆಗೆ ಬಂದು ಬಾಯೊಳಗಿನ ಮಚ್ಚೆ ತೋರಿಸುವುದನ್ನು ಖಾನಾಪುರ ಎಂದೂ ಕಂಡಿರಲಿಲ್ಲ. ಗುರುಪಾದಪ್ಪನ ನಗು ಅರ್ಧಕ್ಕೇ ನಿಂತಿತು. ಕದದ ಹಿಂದೆ ಚಂಪಾಬಾಯಿ ಕುಸಿದು ಕೂತಳು. ಬಾಳಾಸಾಹೇಬರು ಮಗಳ ಗದ್ದ ಹಿಡಿದು ನೋಡಿದರು, ನೋಡಿಯೇ ನೋಡಿದರು. ಆಮೇಲೆ ಕೈ ಎತ್ತಿದರು. ಒಬ್ಬೊಬ್ಬರಾಗಿ ಉಳಿದವರೂ ಎತ್ತಿದರು.

ಸಭೆ ಚದುರಿದ ಮೇಲೆ ಬಾಳಾಸಾಹೇಬರು ಹಣೆಗೆ ಕೈಹಚ್ಚಿ ಕೂತರು. "ಸಾಂಗಲಿ ಸಂಬಂಧ ಮುಗೀತು. ಈಗ ಈಕಿನ್ನ ಯಾರು ಕೇಳತಾರ?"

"ನಾನು ಕೇಳತೀನ್ರಿ," ಎಂದ ಉತ್ತಮ. ಅವನು ಇನ್ನೂ ಹೋಗಿರಲಿಲ್ಲ. "ಮೊದಲs ಕೇಳಾವಿದ್ದೆ. ಬೋರ್ಡಿನ ಹಣಕ್ಕ ಬಂದಾವ ಹೆಣ್ಣೂ ಕೇಳಿದ್ರ, ಮಾವನ ಕಡಿಂದ ಮಂಜೂರು ಮಾಡಿಸಿಕೊಂಡ ಅಂತಾರಂತ ಸುಮ್ಮನಿದ್ದೆ."

ಬಾಳಾಸಾಹೇಬರು ಬೆರಗಾಗಿ ಮಗಳ ಕಡೆ ತಿರುಗಿದರು. ಅವಳ ಕಣ್ಣು ತುಂಬಿತ್ತು, ಸಿಟ್ಟೂ ಇತ್ತು.

"ಮರುಕಕ್ಕ ಯಾರೂ ನನ್ನ ಕೇಳೂದು ಬ್ಯಾಡ," ಎಂದಳು. "ನೀವು ಬಂದಾಗೆಲ್ಲಾ ನೋಡಿದ್ದು ಮಚ್ಚಿನ್ನ ಅಲ್ಲೇನ್ರಿ?"

ಉತ್ತಮನ ಕಿವಿಗಳು ಕೆಂಪಾದವು. ಈ ಸಲ ಅವನು ಕಣ್ಣು ಕೆಳಗಿಳಿಸಲಿಲ್ಲ.

"ಮಚ್ಚಿ ನೋಡಾಕ ಒಂದs ಸಲ ಸಾಕಾಗಿತ್ರಿ," ಎಂದ.