ವೆಂಕಟರತ್ನಮ್ಮನ ಪ್ರೊಫೈಲು

"ಇದನ್ನ ನೋಡಿದ್ದು ಯಾರು?"

ಕೋನಪ್ಪನವರ ವರ್ಷದ ತಿಥಿಯ ಊಟ ಮುಗಿದು ಗಂಡಸರೆಲ್ಲ ಹಾಲಿನಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕುಳಿತಿದ್ದ ಹೊತ್ತಿನಲ್ಲಿ ಅವರ ಅಣ್ಣ ಆವಲಪ್ಪನವರು ಈ ಪ್ರಶ್ನೆ ಕೇಳಿದರು. ಟೊಮ್ಯಾಟೊ ರೇಟು ಏನಾಯಿತೋ ನೋಡೋಣ ಎಂದು ರಿಮೋಟು ಹಿಡಿದಿದ್ದರು ಪಾಪ. ಯಾವ ಗುಂಡಿ ಒತ್ತಿದರೋ, ವಾರ್ತೆಯ ಬದಲು ಸಿನಿಮಾ ಆ್ಯಪು ತೆರೆದುಕೊಂಡಿತು. ಮೇಲೆ ದೊಡ್ಡದಾಗಿ 'ಕೋನಪ್ಪ' ಎಂಬ ಹೆಸರು. ಅದರ ಕೆಳಗೆ 'ನೋಡುವುದನ್ನು ಮುಂದುವರಿಸಿ' ಎಂಬ ಸಾಲು. ಆ ಸಾಲಿನಲ್ಲಿ ಒಬ್ಬ ಹುಡುಗ ಒಬ್ಬ ಹುಡುಗಿಯ ಸೊಂಟ ಹಿಡಿದು ಎತ್ತಿಕೊಂಡು ನಿಂತಿದ್ದ ತೆಲುಗು ಸಿನಿಮಾದ ಚಿತ್ರ. ಅರ್ಧಕ್ಕೆ ಬಿಟ್ಟಿದ್ದಾರೆ ಎನ್ನುವುದಕ್ಕೆ ಗುರುತಾಗಿ ಕೆಳಗೊಂದು ಕೆಂಪು ಗೆರೆ! ಗೋಡೆಯ ಮೇಲೆ ಹಾರ ಹಾಕಿದ ಕೋನಪ್ಪನವರ ಫೋಟೋ, ಅದರ ಮುಂದೆ ಇನ್ನೂ ತೆಗೆಯದ ಎಡೆ... ಪಕ್ಕದಲ್ಲೇ ಅವರ ಹೆಸರಿನಡಿ ಈ ಸರಸ! ತೊಂಡೇಬಾವಿಯಿಂದ ಬಂದಿದ್ದ ನೆಂಟರೊಬ್ಬರು ಸುಮ್ಮನೆ ಕೆಮ್ಮಿದರು. ಇನ್ನೊಬ್ಬರು ಕಿಟಕಿಯ ಕಡೆ ತಿರುಗಿದರು.

ಸತ್ತವರ ಹೆಸರು ಟೀವಿಯಲ್ಲಿ ಯಾಕಿತ್ತು ಎಂದು ಕೇಳುತ್ತೀರಾ? ಮಗ ಮುರಳಿಮೋಹನ್ ಆ್ಯಪು ಹಾಕಿಸಿದಾಗ ಯಜಮಾನರ ಹೆಸರಿನಲ್ಲೇ ಪ್ರೊಫೈಲು ಮಾಡಿದ್ದ. ಕರೆಂಟು ಬಿಲ್ಲು, ಮನೆ ಕಂದಾಯ ಎಲ್ಲ ಅವರ ಹೆಸರಿನಲ್ಲಿರುವಾಗ ಇದೂ ಇರಲಿ ಎಂದು! ಅವರು ತೀರಿಕೊಂಡ ಮೇಲೆ 'ಅಳಿಸಿ' ಎಂಬ ಗುಂಡಿ ಒತ್ತಲು ಯಾರಿಗೂ ಕೈ ಬರಲಿಲ್ಲ. ಅಪ್ಪನನ್ನು ಎರಡನೇ ಸಲ ಮಣ್ಣು ಮಾಡಿದ ಹಾಗಾಗುತ್ತದೆ ಎಂದು ಮುರಳಿ ಅತ್ತುಬಿಟ್ಟಿದ್ದ. ಹಾಗಾಗಿ ಚಿಂತಾಮಣಿಯ ಆ ಮನೆಯಲ್ಲಿ ಯಾರು ಏನು ನೋಡಿದರೂ ಕೋನಪ್ಪನವರೇ ನೋಡಿದ ಲೆಕ್ಕ.

ಎಲ್ಲರ ಕಣ್ಣೂ ಸೊಸೆ ಶೋಭಾರಾಣಿಯ ಮೇಲೆ ಬಿತ್ತು. ಬೀಳದೆ ಇರುತ್ತದೆಯೇ? ಹಾಲು ಉಕ್ಕಿದರೂ ಸೊಸೆ, ಹಲ್ಲಿ ಬಿದ್ದರೂ ಸೊಸೆ! ಆ ಹುಡುಗಿ ತಲೆ ತಗ್ಗಿಸಿದಳು. ನೋಡಿದ್ದು ತಾನಲ್ಲ ಎಂದು ಅವಳಿಗೆ ಗೊತ್ತಿತ್ತು, ಯಾರೆಂದೂ ಗೊತ್ತಿತ್ತು. ಆದರೂ ಬೈಗುಳ ನನ್ನ ಪಾಲಿಗೇ ಬರಲಿ ಎಂದು ತುಟಿ ಬಿಗಿಹಿಡಿದು ನಿಂತಳು. ಆಗ ಅಡಿಗೆಮನೆಯ ಬಾಗಿಲಿನಲ್ಲಿ ಬಾಳೆಹಣ್ಣಿನ ತಟ್ಟೆ ಹಿಡಿದು ನಿಂತಿದ್ದ ಅವಳ ಅತ್ತೆ, ಕೋನಪ್ಪನವರ ಹೆಂಡತಿ ವೆಂಕಟರತ್ನಮ್ಮ ಮುಂದೆ ಬಂದರು. ತಟ್ಟೆಯನ್ನು ಮೇಜಿನ ಮೇಲಿಟ್ಟರು.

"ನೋಡಿದ್ದು ನಾನು ಬಾವ. ಅವಳನ್ನ ಯಾಕೆ ನೋಡ್ತೀರಾ?"

ಆವಲಪ್ಪನವರ ಬಾಯಲ್ಲಿದ್ದ ಎಲೆ ಅಡಿಕೆ ಅಲ್ಲೇ ನಿಂತಿತು. ಸಿಟ್ಟು ಬಂದರೆ ಅವರಿಗೆ ತೆಲುಗೇ ಬರುವುದು. "ಸಿಗ್ಗು ಲೇದಾ?" ಎಂದುಬಿಟ್ಟರು. ನಾಚಿಕೆ ಇಲ್ಲವಾ ಎಂದು, ಅಷ್ಟು ಜನ ನೆಂಟರ ಮುಂದೆ, ತಮ್ಮನ ಹೆಂಡತಿಯನ್ನು! ವೆಂಕಟರತ್ನಮ್ಮ ಎಡೆಯ ಮುಂದೆ ಜಗಳ ಬೇಡವೆಂದು ಒಳಗೆ ಹೋದರು.

ಅವರ ತಪ್ಪಾದರೂ ಏನು? ಮದುವೆಯಾಗಿ ಬಂದಾಗಿನಿಂದ ಆ ಮನೆಯ ರಿಮೋಟು ಕೋನಪ್ಪನವರ ಕೈಯಲ್ಲಿತ್ತು. ಅವರು ಒಳ್ಳೆಯವರೇ, ಒಂದು ದಿನ ಕೈ ಎತ್ತಿದವರಲ್ಲ. ಆದರೆ ಅವರು ನೋಡಿದ್ದೇ ನೋಟ. ವಾರ್ತೆ, ಕುಸ್ತಿ, ಪೌರಾಣಿಕ ನಾಟಕ... ನಿನಗೇನು ಬೇಕೇ ಎಂದು ಅವರು ಕೇಳಲಿಲ್ಲ. ನನಗೆ ಇಂಥದ್ದು ಬೇಕು ಎಂದು ಇವರೂ ಹೇಳಲಿಲ್ಲ. ಅವರು ಹೋದ ಮೇಲೆ ಮನೆ ಬಿಕೋ ಎನ್ನುತ್ತಿದ್ದಾಗ ಶೋಭಾರಾಣಿ ತನ್ನ ಹಳೇ ಫೋನಿನಲ್ಲಿ ಆ್ಯಪು ಹಾಕಿಕೊಟ್ಟು, ಒತ್ತುವುದು ಕಲಿಸಿದಳು. ಮಧ್ಯಾಹ್ನ ರೂಮಿನ ಬಾಗಿಲು ಹಾಕಿಕೊಂಡು ಮಂಚದ ಮೇಲೆ ಕಾಲು ನೀಡಿ, ಜೀವಮಾನದಲ್ಲಿ ಮೊದಲ ಸಲ ತಮಗೆ ಬೇಕಾದ್ದನ್ನು ತಾವೇ ಆರಿಸಿ ನೋಡಿದರು ವೆಂಕಟರತ್ನಮ್ಮ. ಆರಿಸಿದ್ದು ಪ್ರೀತಿಯ ಕಥೆಗಳನ್ನೇ. ಹುಡುಗ ಪೆದ್ದುಪೆದ್ದಾಗಿ ಹುಡುಗಿಯ ಹಿಂದೆ ಓಡಾಡುವುದು, ಅವಳು ಮುನಿಸಿಕೊಳ್ಳುವುದು, ಕೊನೆಗೆ ಎಲ್ಲ ಸರಿಹೋಗುವುದು... ಫೋನಿನಲ್ಲಿ ನೋಡಿದ್ದು ಫೋನಿನಲ್ಲೇ ಇರುತ್ತದೆ ಎಂದುಕೊಂಡಿದ್ದರು. ಒಂದೇ ಪ್ರೊಫೈಲಾದರೆ ಅದು ಹಾಲಿನ ಟೀವಿಯಲ್ಲೂ ಬಂದು ಕೂರುತ್ತದೆ ಎಂದು ಯಾರು ಹೇಳಿದ್ದರು ಅವರಿಗೆ?

ನೆಂಟರು ಹೊರಟ ಮೇಲೆ ಆವಲಪ್ಪನವರು ಮುರಳಿಯನ್ನು ಕೂರಿಸಿಕೊಂಡು ತೀರ್ಪು ಕೊಟ್ಟರು. ವಿಧವೆಯಾದವಳು ಇಂಥವನ್ನೆಲ್ಲ ನೋಡಿದರೆ ಮನೆತನದ ಮರ್ಯಾದೆ ಉಳಿಯುತ್ತದೆಯೇ, ತೊಂಡೇಬಾವಿಯವರು ಊರಿಗೆಲ್ಲ ಹೇಳಿಕೊಂಡು ಬರುವುದಿಲ್ಲವೇ, ಇದಕ್ಕೊಂದು ಕಡಿವಾಣ ಹಾಕು ಎಂದರು. ಮುರಳಿ ಚಿಕ್ಕಂದಿನಲ್ಲಿ ಓದಿ ಬೆಳೆದದ್ದು ಮುರುಗಮಲ್ಲದ ಹತ್ತಿರದ ದೊಡ್ಡಪ್ಪನ ಮನೆಯಲ್ಲಿ. ಈಗ ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಗುಮಾಸ್ತನಾಗಿದ್ದರೂ ದೊಡ್ಡಪ್ಪ ಹಾಕಿದ ಗೆರೆ ದಾಟುವವನಲ್ಲ. ಅಪ್ಪನ ಪ್ರೊಫೈಲಿಗೆ ನಂಬರಿನ ಬೀಗ ಹಾಕಿದ. ಅಮ್ಮನ ಫೋನಿನಲ್ಲಿ, ಆ್ಯಪಿನ ಜೊತೆಗೇ ಬಂದಿದ್ದ 'ಮಕ್ಕಳು' ಎಂಬ ಪ್ರೊಫೈಲನ್ನು ತೆರೆದುಕೊಟ್ಟ. ಇದರಲ್ಲಿ ಕೆಟ್ಟದ್ದೇನೂ ಬರಲ್ಲ ಅಮ್ಮ ಎಂದ ಮಹಾರಾಯ!

ಮರುದಿನ ಮಧ್ಯಾಹ್ನ ವೆಂಕಟರತ್ನಮ್ಮ ಫೋನು ತೆರೆದರೆ ಹಲ್ಲುಜ್ಜುವುದು ಹೇಗೆ ಎಂದು ಕರಡಿಯೊಂದು ಹೇಳಿಕೊಡುತ್ತಿತ್ತು. ಇನ್ನೊಂದರಲ್ಲಿ ಮೊಲವೊಂದು ಕ್ಯಾರೆಟ್ಟು ಎಣಿಸುತ್ತಿತ್ತು. ಮಗನನ್ನು ಹೆತ್ತು, ಅತ್ತೆ ಮಾವಂದಿರ ಕೊನೆಗಾಲದ ಸೇವೆ ಮಾಡಿ, ಗಂಡನ ಕಣ್ಣು ಮುಚ್ಚಿಸಿದ ಹೆಂಗಸಿಗೆ ಹಲ್ಲುಜ್ಜುವ ಪಾಠ! ಆ ಕರಡಿಯನ್ನು ನೋಡನೋಡುತ್ತಾ ಅವರ ಕಣ್ಣು ತುಂಬಿ ಬಂತು... ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಅತ್ತು ಮುಗಿದ ಮೇಲೆ ಬಂದದ್ದು ಮಾತ್ರ ಕೆಂಡದಂಥ ಸಿಟ್ಟು. ಎದ್ದು ಮುಖ ತೊಳೆದು ಸೊಸೆಯ ಹತ್ತಿರ ಹೋದರು.

"ಶೋಭಾ, ನನ್ನ ಹೆಸರಲ್ಲೇ ಒಂದು ಮಾಡ್ಕೊಡೇ. ಬೀಗ ಹಾಕೋ ಹಾಗಿರಬೇಕು."

ಆ್ಯಪಿನ ಪಾಸ್‌ವರ್ಡು ಶೋಭಾರಾಣಿಗೆ ಗೊತ್ತಿತ್ತು, ಮಾಡುವುದೇನೂ ಕಷ್ಟವಲ್ಲ. ಆಮೇಲಿನದನ್ನು ನೆನೆದೇ ಭಯ. ಗಂಡ ಏನೆಂದಾನು, ದೊಡ್ಡಮಾವ ಏನೆಂದಾರು! ಆದರೆ ತಿಥಿಯ ದಿನ ಅಷ್ಟು ಜನರ ಮುಂದೆ ತನ್ನನ್ನು ಬಿಟ್ಟುಕೊಡದ ಅತ್ತೆ ಇವರು. ಕೈ ಒರೆಸಿಕೊಂಡು ಫೋನು ತೆಗೆದುಕೊಂಡಳು. ಹೆಸರು ಏನು ಹಾಕಲಿ ಎಂದು ಕೇಳಿದಾಗ ವೆಂಕಟರತ್ನಮ್ಮ ಸ್ವಲ್ಪ ಯೋಚಿಸಿ 'ರತ್ನ' ಎಂದರು. ತವರಿನಲ್ಲಿ ಕರೆಯುತ್ತಿದ್ದ ಹೆಸರು. ಹಾಗೆ ಕರೆಯುವವರು ಈಗ ಯಾರೂ ಉಳಿದಿರಲಿಲ್ಲ.

"ಅತ್ತೆ, ನಂಬರು ನೀವೇ ಒತ್ತಿ. ನನಗೂ ತೋರಿಸ್ಬೇಡಿ," ಎಂದು ಶೋಭಾರಾಣಿ ಗೋಡೆಯ ಕಡೆ ತಿರುಗಿ ನಿಂತಳು. ಆ ಮನೆಯಲ್ಲಿ ಅಂಥ ಮರ್ಯಾದೆಯನ್ನು ವೆಂಕಟರತ್ನಮ್ಮನಿಗೆ ಅದುವರೆಗೆ ಯಾರೂ ಕೊಟ್ಟಿರಲಿಲ್ಲ.

ಭಾನುವಾರ ಆವಲಪ್ಪನವರು ಬಂದರು. ಕಾಫಿ ಕುಡಿದು, ತಮ್ಮ ಕಡಿವಾಣ ಎಷ್ಟು ಬಿಗಿಯಾಗಿದೆಯೋ ನೋಡಲು ಟೀವಿ ಹಾಕಿದರು. ಕೋನಪ್ಪ, ಮಕ್ಕಳು, ಅದರ ಪಕ್ಕದಲ್ಲಿ ರತ್ನ! ಕೆಳಗೆ ಪುಟ್ಟದೊಂದು ಬೀಗದ ಚಿತ್ರ. ಒತ್ತಿದರೆ ನಂಬರು ಕೇಳಿತು. ಮುರಳಿಯನ್ನು ಕರೆದರು. ಅವನಿಗೆ ಗೊತ್ತಿಲ್ಲ. ಶೋಭಾರಾಣಿಯನ್ನು ಕರೆದರು. ಅವಳೂ ಗೊತ್ತಿಲ್ಲ ಎಂದಳು, ನಿಜವನ್ನೇ ಹೇಳಿದಳು. ಕೊನೆಗೆ ವೆಂಕಟರತ್ನಮ್ಮನನ್ನೇ ಎದುರಿಗೆ ನಿಲ್ಲಿಸಿಕೊಂಡು, ಮುಚ್ಚಿಟ್ಟುಕೊಳ್ಳುವಂಥದ್ದು ಏನು ನೋಡುತ್ತೀಯಮ್ಮ ಈ ವಯಸ್ಸಿನಲ್ಲಿ ಎಂದು ಕೇಳಿದರು.

"ಸ್ನಾನಕ್ಕೆ ಹೋದಾಗ ಬಾಗ್ಲು ಹಾಕ್ಕೋತೀವಲ್ಲ ಬಾವ," ಎಂದರು ವೆಂಕಟರತ್ನಮ್ಮ. "ಒಳಗೇನು ಕಳ್ತನ ಮಾಡ್ತೀವಾ? ನಾನು ನೋಡೋದ್ರಲ್ಲಿ ಕೆಟ್ಟದ್ದೇನೂ ಇಲ್ಲ. ಆದ್ರೆ ಅದನ್ನ ನಿಮಗೆ ತೋರಿಸಿ ನಾನು ಒಳ್ಳೆಯವಳು ಅನ್ನಿಸ್ಕೋಬೇಕಾಗಿಲ್ಲ. ನಂಬರು ಹೇಳಲ್ಲ."

ಆವಲಪ್ಪನವರ ಮುಖ ಕಪ್ಪಿಟ್ಟಿತು. ಸಾಕಿ ಸಲಹಿದ ಮಗನ ಕಡೆ ತಿರುಗಿ ಕೊನೆಯ ಮಾತು ಹೇಳಿದರು. ನಂಬರು ಕೊಡುವವರೆಗೆ ಈ ಹೊಸ್ತಿಲು ತುಳಿಯುವುದಿಲ್ಲ. ನನ್ನ ಮೇಲೆ ಗೌರವವಿದ್ದರೆ ಹೆಂಡತಿಯನ್ನು ಕರೆದುಕೊಂಡು ಈಗಲೇ ನಮ್ಮ ಮನೆಗೆ ನಡೆ, ಒಂಟಿಯಾಗಿದ್ದು ಬುದ್ಧಿ ಕಲಿಯಲಿ ಇವಳು ಎಂದರು. ಮುರಳಿ ಅಮ್ಮನ ಕೈ ಹಿಡಿದು ಗೋಗರೆದ. ಹೇಳಿಬಿಡಮ್ಮ, ದೊಡ್ಡಪ್ಪನ ಸಮಾಧಾನಕ್ಕೆ, ಇವತ್ತೊಂದು ದಿನ... ವೆಂಕಟರತ್ನಮ್ಮ ಮಗನ ಮುಖ ನೋಡಿದರು, ಇಲ್ಲವೆಂದು ತಲೆ ಅಲ್ಲಾಡಿಸಿದರು. ಅವನು ಅಳುತ್ತಲೇ ಬಟ್ಟೆ ತುಂಬಿಕೊಂಡ. ಹೊರಡು ಎಂದು ಹೆಂಡತಿಗೆ ಹೇಳಿದಾಗ ಶೋಭಾರಾಣಿ ಅಡಿಗೆಮನೆಯ ಬಾಗಿಲು ಬಿಟ್ಟು ಕದಲಲಿಲ್ಲ.

"ನಾನು ಬರಲ್ಲ ರೀ. ಅತ್ತೆ ಇಲ್ಲಿದ್ರೆ ನಾನೂ ಇಲ್ಲೇ."

ಮಗ ಹೊರಟೇಹೋದ! ಇದ್ದೊಬ್ಬ ಮಗ... ಆಮೇಲಿನ ದಿನಗಳನ್ನು ಹೇಗೆ ಹೇಳಲಿ! ವೆಂಕಟರತ್ನಮ್ಮ ಮಗ ಕೆಲಸದಿಂದ ಬರುತ್ತಿದ್ದ ಸಂಜೆಯ ಬಸ್ಸಿನ ಹೊತ್ತಿಗೆ ಅಭ್ಯಾಸಬಲದಿಂದ ಬಾಗಿಲಿಗೆ ಬರುವುದು, ನೆನಪಾಗಿ ಹಿಂದೆ ಹೋಗುವುದು. ಮುದ್ದೆ ಕಟ್ಟುವಾಗ ಅವನಿಗೂ ಒಂದು ಕಟ್ಟಿ ನಾಲಿಗೆ ಕಚ್ಚಿಕೊಳ್ಳುವುದು. ಬೀದಿಯವರು ಮಗ ಎಲ್ಲಿ ಎಂದು ಕೇಳುವುದು. ಫೋನಿನಲ್ಲಿ ಏನನ್ನೂ ನೋಡಲಿಲ್ಲ ಅವರು. ಒಂದು ಸಂಜೆ ಮುರಳಿಯೇ ಫೋನು ಮಾಡಿ, ಒಂದು ನಂಬರು ತಾನೇ ಅಮ್ಮ, ಅದಕ್ಕೋಸ್ಕರ ಮಗನನ್ನು ಬಿಡುತ್ತೀಯಾ ಎಂದು ಬಿಕ್ಕಿದ. ನಂಬರು ಅವರ ನಾಲಿಗೆಯ ತುದಿಗೆ ಬಂದಿತ್ತು. ನಿಜಕ್ಕೂ ಬಂದಿತ್ತು! ಹೇಳಿದರೆ ನಾಳೆಯೇ ಮಗ ಮನೆಯಲ್ಲಿರುತ್ತಾನೆ. ಆದರೆ ಇವತ್ತು ಇದನ್ನು ಕೊಟ್ಟರೆ, ನಾಳೆ ಯಾಕೆ ನಕ್ಕೆ, ಯಾಕೆ ಅತ್ತೆ ಎಂಬುದಕ್ಕೂ ಈ ಜನಕ್ಕೆ ಉತ್ತರ ಕೊಡುತ್ತಾ ಬದುಕಬೇಕು.

"ಒಂದು ನಂಬರು ತಾನೇ ಕಣಪ್ಪ. ಅಷ್ಟು ಸಣ್ಣದು ನಿಮ್ಮ ದೊಡ್ಡಪ್ಪನಿಗೆ ಯಾಕೆ ಬೇಕು, ಕೇಳು," ಎಂದು ಫೋನು ಇಟ್ಟುಬಿಟ್ಟರು. ಇಟ್ಟ ಮೇಲೆ ಸೊಸೆಯ ಹೆಗಲ ಮೇಲೆ ತಲೆಯಿಟ್ಟು ಅತ್ತದ್ದು ಮಗನಿಗೆ ಗೊತ್ತಾಗಲಿಲ್ಲ.

ಮುರಳಿ ಕೇಳಲಿಲ್ಲ. ಕೇಳುವ ಧೈರ್ಯ ಎಲ್ಲಿತ್ತು? ಆದರೆ ಉತ್ತರ ತಾನಾಗಿಯೇ ಬಂತು. ಒಂದು ಬೆಳಿಗ್ಗೆ ದೊಡ್ಡಪ್ಪನ ಮನೆಯ ಜಗಲಿಯಲ್ಲಿ ಅವನು ಫೋನು ನೋಡುತ್ತಾ ಕುಳಿತಿದ್ದ. ಅಂಗಳದಲ್ಲಿ ಆಳುಗಳು ಟೊಮ್ಯಾಟೊ ಕ್ರೇಟು ತುಂಬುತ್ತಿದ್ದರು. ಆವಲಪ್ಪನವರು ಹಿಂದಿನಿಂದ ಬಂದು, ಅಮ್ಮನ ಚಾಳಿ ಮಗನಿಗೂ ಬಂದಿದೆಯೋ ನೋಡೋಣ ಎಂದು ಫೋನನ್ನು ಕೈಯಿಂದ ಕಿತ್ತುಕೊಂಡರು. ಮುರಳಿ ನೋಡುತ್ತಿದ್ದದ್ದು ಅಡಿಗೆಯ ವಿಡಿಯೋ. ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ದಿನಾ ನೋಡುತ್ತಿದ್ದ. ಯಾವತ್ತಾದರೂ ಶೋಭಾಳಿಗೆ ಒಂದು ಪಲ್ಯ ಮಾಡಿ ಬಡಿಸಬೇಕು ಎಂಬುದು ಅವನ ಗುಟ್ಟಿನ ಆಸೆ. ಆವಲಪ್ಪನವರು ಬೆರಳಾಡಿಸುತ್ತಾ ಹೋದರು. ಬದನೆಕಾಯಿ ಎಣ್ಣೆಗಾಯಿ, ಮೃದುವಾದ ಚಪಾತಿ ಮಾಡುವುದು ಹೇಗೆ... ಒಂದೊಂದನ್ನೂ ಗಟ್ಟಿಯಾಗಿ ಓದಿ, ನೋಡ್ರಪ್ಪ, ನಮ್ಮ ಹುಡುಗ ಒಗ್ಗರಣೆ ಹಾಕೋದು ಕಲೀತಾ ಇದ್ದಾನೆ ಎಂದು ಆಳುಗಳಿಗೆ ತೋರಿಸಿ ನಕ್ಕರು. ಆಳುಗಳೂ ನಕ್ಕರು. ಕೆಟ್ಟದ್ದೇನಿತ್ತು ಅದರಲ್ಲಿ? ಏನೂ ಇರಲಿಲ್ಲ! ಆದರೂ ಮುರಳಿಗೆ ಬಟ್ಟೆ ಬಿಚ್ಚಿ ಅಂಗಳದಲ್ಲಿ ನಿಲ್ಲಿಸಿದ ಹಾಗಾಯಿತು. ಎಡೆಯ ಮುಂದೆ ನೆಂಟರೆದುರು ನಿಂತಿದ್ದ ಅಮ್ಮನ ಮುಖ ಕಣ್ಣಿಗೆ ಕಟ್ಟಿತು. ಎದ್ದು ದೊಡ್ಡಪ್ಪನ ಕೈಯಿಂದ ಫೋನು ತೆಗೆದುಕೊಂಡ.

"ದೊಡ್ಡಪ್ಪ, ನೀವು ನನ್ನ ಸಾಕಿದ್ರಿ, ಆ ಋಣ ನನ್ನ ತಲೆ ಮೇಲಿದೆ," ಎಂದ. "ಅಮ್ಮ ಏನು ನೋಡ್ತಾಳೆ ಅಂತ ನಾನಿನ್ನು ಕೇಳಲ್ಲ. ನೀವೂ ಕೇಳ್ಬೇಡಿ. ನಾನು ಮನೆಗೆ ಹೋಗ್ತೀನಿ."

ಹೋದರೆ ಈ ಕಡೆ ತಲೆ ಹಾಕಬೇಡ, ನಾನೂ ಆ ಹೊಸ್ತಿಲು ತುಳಿಯಲ್ಲ ಎಂದು ಆವಲಪ್ಪನವರು ಕೂಗಿದರು. ಆ ಮಾತನ್ನು ಅವರು ಉಳಿಸಿಕೊಂಡರು ಕೂಡ. ಯುಗಾದಿಗೆ ಬರಲಿಲ್ಲ, ಕರೆದರೂ ಬರಲಿಲ್ಲ. ಆ ನಷ್ಟವನ್ನು ಆ ಮನೆ ನುಂಗಿಕೊಂಡಿತು.

ಮುರಳಿ ಚಿಂತಾಮಣಿಗೆ ಬಂದಾಗ ಮಧ್ಯಾಹ್ನವಾಗಿತ್ತು. ಶೋಭಾರಾಣಿ ಬಾಗಿಲು ತೆರೆದು, ಅವನ ಕೈಯಿಂದ ಚೀಲ ತೆಗೆದುಕೊಂಡಳು. ಅಂದು ಬೆಳಿಗ್ಗೆಯಷ್ಟೇ ಅವಳು ಅತ್ತೆಯನ್ನು ಗದರಿಸಿದ್ದಳು. ಮಗನನ್ನು ಕಳೆದುಕೊಂಡು ಗಳಿಸಿದ್ದನ್ನು ಮುಚ್ಚಿಟ್ಟು ಕೂತರೆ ಏನು ಬಂತು, ಹೋಗಿ ನೋಡಿ ಎಂದು ಫೋನು ಕೈಗೆ ಕೊಟ್ಟು ರೂಮಿಗೆ ಕಳಿಸಿದ್ದಳು. ಮುರಳಿ ಅಮ್ಮನ ಕಾಲು ಹಿಡಿಯಬೇಕೆಂದು ನೇರವಾಗಿ ರೂಮಿನ ಕಡೆ ನಡೆದ. ಬಾಗಿಲು ಹಾಕಿತ್ತು. ತಟ್ಟಲು ಕೈ ಎತ್ತಿದವನು ಹಾಗೇ ನಿಂತ.

ಒಳಗೆ ಅಮ್ಮ ನಗುತ್ತಿದ್ದಳು. ಸೆರಗಿನಲ್ಲಿ ಮುಚ್ಚಿಕೊಂಡ ನಗುವಲ್ಲ. ಹೊಟ್ಟೆ ಹಿಡಿದುಕೊಂಡು, ಉಸಿರು ಸಿಕ್ಕಿಕೊಂಡು, ಮತ್ತೆ ಮತ್ತೆ ಬರುತ್ತಿದ್ದ ನಗು! ಹುಟ್ಟಿದಾಗಿನಿಂದ ಆ ನಗುವನ್ನು ಅವನು ಕೇಳಿಯೇ ಇರಲಿಲ್ಲ... ಅಮ್ಮನಿಗೆ ಹಾಗೆ ನಗಲು ಬರುತ್ತದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಅವನ ಕಣ್ಣಿಂದ ನೀರು ದಳದಳ ಇಳಿಯಿತು. ಏನು ನೋಡಿ ನಗುತ್ತಿದ್ದಾಳೆ ಎಂದು ತಿಳಿಯುವ ಆಸೆಯಾಯಿತು. ಎತ್ತಿದ ಕೈ ಇಳಿಸಿ, ಬಾಗಿಲಿನ ಹೊರಗೆ ನೆಲದ ಮೇಲೆ ಕುಳಿತುಬಿಟ್ಟ.

"ಕರೀಲಾ?" ಎಂದು ಶೋಭಾರಾಣಿ ಮೆಲ್ಲಗೆ ಕೇಳಿದಳು.

"ಬೇಡ ಕಣೇ," ಎಂದ ಮುರಳಿ. "ಅಮ್ಮ ನೋಡಿ ಮುಗಿಸ್ಲಿ."